ಒಂದೇ ನಲ್ಲಿ, ಎರಡು ಗಿಡ



ವಿಜಯಪುರ, ಕಲಬುರಗಿ, ಬೀದರ, ಬೆಳಗಾವಿ ಕಡೆಯ ಮನೆಗಳಿಂದ ಮಗನೋ ಮಗಳೋ ಅಳಿಯನೋ ಪುಣೆಗೆ ದುಡಿಯಲು ಹೋಗುವುದು ಹೊಸದೇನಲ್ಲ. ನಾವು ಪುಣೆ ಎನ್ನುತ್ತೇವೆ. ಆದರೆ ಅವರಲ್ಲಿ ಅನೇಕರು ಬಿಡಾರ ಹೂಡಿರುವುದು ಪವನಾ ನದಿಯ ದಂಡೆಯ ಪಿಂಪ್ರಿ-ಚಿಂಚವಾಡದಲ್ಲಿ. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಸ್ಥಾಪನೆಯಾಯಿತು. ಆಮೇಲೆ ವಾಹನ ಕಾರ್ಖಾನೆಗಳು ಬಂದವು, ಅವುಗಳ ಸುತ್ತ ಬಿಡಿಭಾಗ ಮಾಡುವ ವರ್ಕ್‌ಶಾಪುಗಳು ಬೆಳೆದವು. 1982ರಲ್ಲಿ ಊರು ಮಹಾನಗರಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 17 ಲಕ್ಷ ದಾಟಿತ್ತು. ಹೊಲದ ಬದುವಿನ ಮೇಲೆ ಹೀರೆ ಬಳ್ಳಿ ಹಬ್ಬಿಸಿ ಬೆಳೆದವರು ಅಲ್ಲಿಗೆ ಹೋಗಿ ನಾಲ್ಕನೇ ಮಹಡಿಯಲ್ಲಿ, ಎಂಟನೇ ಮಹಡಿಯಲ್ಲಿ ವಾಸ ಮಾಡುತ್ತಾರೆ. ಅವರ ಪಾಲಿಗೆ ಉಳಿದ ಭೂಮಿ ಎಂದರೆ ಮನೆಯ ಬಾಲ್ಕನಿ.

ಆ ಬಾಲ್ಕನಿಯಲ್ಲಿ ಏನು ಬೆಳೆಸಬೇಕು ಎಂಬ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಎರಡು ಆಸೆಗಳು ಎದುರಾಗುತ್ತವೆ. ಊರಿನ ನೆನಪಿದ್ದವರು ಹಂದರ ಕಟ್ಟಿ ಹೀರೆಯನ್ನೋ ಹಾಗಲವನ್ನೋ ಅವರೆಯನ್ನೋ ಹಬ್ಬಿಸಬೇಕು ಎನ್ನುತ್ತಾರೆ. ನರ್ಸರಿಯ ಮುಂದೆ ಹಾದು ಬಂದ ಮಕ್ಕಳು ಅಂಗೈಯಗಲದ ಕುಂಡದಲ್ಲಿ ಗುಲಾಬಿ ಹೂವಿನ ಹಾಗೆ ಎಲೆ ಜೋಡಿಸಿಕೊಂಡು ಕುಳಿತ ಪುಟ್ಟ ಸಕ್ಯುಲೆಂಟ್, ಅಂದರೆ ಮೈಯಲ್ಲೇ ನೀರು ಕೂಡಿಡುವ ದಪ್ಪ ಎಲೆಯ ಗಿಡ ಬೇಕು ಎನ್ನುತ್ತಾರೆ. ಇವೆರಡರಲ್ಲಿ ಯಾವುದು ಸುಲಭ, ಯಾವುದು ಒಳ್ಳೆಯದು ಎಂದು ನನ್ನನ್ನು ಕೇಳುವವರಿಗೆ ನಾನು ಮೊದಲು ಕೇಳುವುದು ಬೇರೆ ಪ್ರಶ್ನೆ: ನಿಮ್ಮ ಬಾಲ್ಕನಿಗೆ ಎಷ್ಟು ಹೊತ್ತು ಬಿಸಿಲು ಬರುತ್ತದೆ? ನಲ್ಲಿಗೆ ಎಂದೆಂದು ನೀರು ಬರುತ್ತದೆ? ಮೇ ತಿಂಗಳಲ್ಲಿ ನೀವು ಎಲ್ಲಿರುತ್ತೀರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ಗಿಡದ ಆಯ್ಕೆ ತಾನಾಗಿ ಆಗುತ್ತದೆ.

ಊರಿನ ಹವೆಯಿಂದ ಶುರುಮಾಡೋಣ. ಪುಣೆಯ ಸುತ್ತಿನ ಈ ಪ್ರದೇಶ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಸಹ್ಯಾದ್ರಿ ನಿಂತಿದೆ. ಅರಬ್ಬಿ ಸಮುದ್ರದಿಂದ ಬಂದ ಮೋಡಗಳು ಲೋಣಾವಳದ ಘಟ್ಟದಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸಿ, ಘಟ್ಟ ಇಳಿಯುವಷ್ಟರಲ್ಲಿ ಹಗುರಾಗುತ್ತವೆ. ಪುಣೆ ನಗರದಲ್ಲಿ ಬೀಳುವುದು 700ರಿಂದ 750 ಮಿಲಿಮೀಟರಿನ ಆಸುಪಾಸು. ಆ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲೇ ಮುಗಿಯುತ್ತದೆ. ಆಗ ದಿನಗಟ್ಟಲೆ ಸೂರ್ಯ ಕಾಣುವುದಿಲ್ಲ, ಬಟ್ಟೆ ಒಣಗುವುದಿಲ್ಲ, ಪಡುವಣ ಗಾಳಿಗೆ ಇರಚಲು ಬಾಲ್ಕನಿಯ ಒಳಗೆ ಬಂದು ಗೋಡೆ ತೋಯಿಸುತ್ತದೆ. ಅಲ್ಲಿಂದ ಮುಂದೆ ಒಣ ಹವೆ. ಚಳಿಗಾಲದ ಬೆಳಗುಗಳಲ್ಲಿ ಉಷ್ಣಾಂಶ 10–12 ಡಿಗ್ರಿಗೆ ಇಳಿಯುವುದುಂಟು. ಏಪ್ರಿಲ್ ಬಂತೆಂದರೆ 38, 39, ಕೆಲವು ದಿನ 40 ಡಿಗ್ರಿ.

ಇನ್ನು ನೀರು. ಮಾವಳ ತಾಲೂಕಿನ ಪವನಾ ಅಣೆಕಟ್ಟಿನಿಂದ ಬಿಟ್ಟ ನೀರು ನದಿಯಲ್ಲೇ ಹರಿದು ಬರುತ್ತದೆ. ರಾವೇತದಲ್ಲಿ ಅದನ್ನು ಎತ್ತಿ, ನಿಗಡಿಯಲ್ಲಿ ಶುದ್ಧೀಕರಿಸಿ ಊರಿಗೆ ಹಂಚುತ್ತಾರೆ. 2019ರ ನವೆಂಬರಿನಲ್ಲಿ ಮಹಾನಗರಪಾಲಿಕೆ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಶುರುಮಾಡಿತು. ಈ ನೀರಿನ ಹಿಂದೆ ನೋವೂ ಇದೆ. ಪವನಾ ಅಣೆಕಟ್ಟಿನಿಂದ ನಗರಕ್ಕೆ ನೇರ ಕೊಳವೆ ಹಾಕುವ ಯೋಜನೆಯನ್ನು ವಿರೋಧಿಸಿ 2011ರ ಆಗಸ್ಟ್ 9ರಂದು ಮಾವಳದ ರೈತರು ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಗೆ ಇಳಿದರು. ಪೊಲೀಸ್ ಗೋಲಿಬಾರಿನಲ್ಲಿ ಮೂವರು ಪ್ರಾಣ ಕಳೆದುಕೊಂಡರು. ನಮ್ಮ ಕುಂಡಕ್ಕೆ ಸುರಿಯುವ ಒಂದು ಚೊಂಬು ನೀರು ಇನ್ನೊಬ್ಬರ ಹೊಲದ ದಾರಿಯಲ್ಲಿ ಬಂದದ್ದು. ಆದ್ದರಿಂದ ಗಿಡಕ್ಕೆ ನೀರು ಹಾಕುವ ಮಾತನ್ನು ನಾನು ಹಗುರಾಗಿ ಆಡಲಾರೆ.

ಈಗ ಹೀರೆ ಬಳ್ಳಿಯನ್ನು ನೋಡೋಣ. ನಾವು ಹೀರಿಕಾಯಿ ಅನ್ನುವುದನ್ನು ಅಲ್ಲಿನ ಸಂತೆಯಲ್ಲಿ ದೋಡಕಾ ಅನ್ನುತ್ತಾರೆ. ಬಾಲ್ಕನಿಯಲ್ಲಿ ಬೆಳೆಯುವುದಕ್ಕೆ ಅದು ಸಿದ್ಧ. ಆದರೆ ಅದರ ಬೇಡಿಕೆಗಳಲ್ಲಿ ಚೌಕಾಸಿ ನಡೆಯುವುದಿಲ್ಲ. ಮೊದಲನೆಯದು ಬಿಸಿಲು. ದಿನಕ್ಕೆ ಕನಿಷ್ಠ ಆರು ತಾಸು ನೇರ ಬಿಸಿಲು ಬೇಕು. ಎದುರಿಗೆ ಇನ್ನೊಂದು ಕಟ್ಟಡ ಎದ್ದು ನಿಂತ ಉತ್ತರ ದಿಕ್ಕಿನ ಬಾಲ್ಕನಿಯಲ್ಲಿ ಬಳ್ಳಿ ಎಲೆ ಬಿಡುತ್ತದೆ, ಉದ್ದ ಬೆಳೆಯುತ್ತದೆ, ಕಾಯಿ ಮಾತ್ರ ಹಿಡಿಯುವುದಿಲ್ಲ. ಎರಡನೆಯದು ಬೇರಿಗೆ ಜಾಗ. ತುಳಸಿ ಕುಂಡದಂಥ ಚಿಕ್ಕ ಕುಂಡ ನಡೆಯದು. ಒಂದೂವರೆ ಅಡಿ ಅಗಲ, ಅಷ್ಟೇ ಆಳದ ಚೀಲವೋ ಡ್ರಮ್ಮೋ ಬೇಕು. ಅದರಲ್ಲಿ ಒಂದು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಇಲ್ಲವೆ ಎರೆಗೊಬ್ಬರ, ಅರ್ಧ ಪಾಲು ತೆಂಗಿನ ನಾರಿನ ಪುಡಿ. ಆ ಕಡೆಯ ಕರಿಮಣ್ಣನ್ನು ಒಂದನ್ನೇ ತುಂಬಿದರೆ ಮಳೆಯಲ್ಲಿ ಜಿಗುಟಾಗಿ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರನ್ನು ಕಾಡುತ್ತದೆ.

ಬೀಜವನ್ನು ಒಂದು ರಾತ್ರಿ ನೆನೆಸಿಟ್ಟು ಊರಿದರೆ ವಾರದೊಳಗೆ ಮೊಳಕೆ ಬರುತ್ತದೆ. ನಾಲ್ಕೈದು ಎಲೆ ಆಗುವಷ್ಟರಲ್ಲಿ ಕುಡಿಗಳು ಹೊರಟು, ಸಿಕ್ಕ ದಾರಕ್ಕೆ, ಗ್ರಿಲ್ಲಿಗೆ, ಪಕ್ಕದ ಗಿಡದ ಕಡ್ಡಿಗೆ ಸುತ್ತಿಕೊಳ್ಳುತ್ತವೆ. ಆಗಲೇ ದಾರ ಕಟ್ಟಿ ದಾರಿ ತೋರಿಸಬೇಕು. ಇಲ್ಲದಿದ್ದರೆ ಮೇಲಿನ ಮನೆಯವರ ಬಟ್ಟೆ ತಂತಿಯನ್ನು ಹಿಡಿದುಕೊಂಡು, ಸೊಸೈಟಿಯ ಸಭೆಯಲ್ಲಿ ನಿಮ್ಮ ಹೆಸರು ಬರುತ್ತದೆ. ಬಿತ್ತಿದ ಆರೇಳು ವಾರಕ್ಕೆ ಹಳದಿ ಹೂವು. ಬಹಳ ಮಂದಿಯ ನಿರಾಸೆ ಶುರುವಾಗುವುದೇ ಇಲ್ಲಿ. ಗೊಂಚಲು ಗೊಂಚಲು ಹೂವು ಬಿಟ್ಟು ಎಲ್ಲ ಉದುರುತ್ತವೆ, ಕಾಯಿ ಒಂದೂ ಇಲ್ಲ. ಕಾರಣ ಇಷ್ಟೆ: ಮೊದಲು ಬರುವುದು ಗಂಡು ಹೂವು. ಹೆಣ್ಣು ಹೂವು ಸ್ವಲ್ಪ ತಡವಾಗಿ, ಒಂಟಿಯಾಗಿ ಬರುತ್ತದೆ. ಅದರ ಬುಡದಲ್ಲಿ ಬೆರಳಿನಷ್ಟು ಸಣ್ಣ, ಗೆರೆಗೆರೆಯ ಹೀಚು ಮೊದಲೇ ಇರುತ್ತದೆ. ಬಿಸಿಲು ತೀರಾ ಹೆಚ್ಚಾದಾಗ, ಗೊಬ್ಬರದಲ್ಲಿ ಸಾರಜನಕ ಅತಿಯಾದಾಗ ಗಂಡು ಹೂವೇ ಹೆಚ್ಚುತ್ತದೆ. ಸ್ವಲ್ಪ ತಾಳಬೇಕು.

ಹೀರೆಯ ಹೂವಿನ ಹೊತ್ತನ್ನು ತಿಳಿದವರಿಗೆ ಕಾಯಿ ತಪ್ಪುವುದಿಲ್ಲ. ಅದರ ದಾಯಾದಿ ತುಪ್ಪದ ಹೀರೆ ನಸುಕಿನಲ್ಲಿ ಅರಳಿದರೆ, ಗೆರೆ ಹೀರೆ ಅರಳುವುದು ಸಂಜೆ ಐದರಿಂದ ಎಂಟರ ನಡುವೆ. ಮೊದಲ ಪಾಳಿ ಮುಗಿಸಿ ಮನೆಗೆ ಬಂದವರು ಚಹಾ ಕುಡಿಯುತ್ತ ಬಾಲ್ಕನಿಯಲ್ಲಿ ನಿಂತರೆ, ಮಧ್ಯಾಹ್ನ ಮುದುಡಿಕೊಂಡಿದ್ದ ಮೊಗ್ಗು ನೋಡನೋಡುತ್ತ ಸಡಿಲಾಗಿ, ಸುಕ್ಕು ಬಿಡಿಸಿಕೊಂಡು, ನಸುಹಳದಿಯ ಐದು ಎಸಳು ತೆರೆಯುವುದನ್ನು ಕಾಣಬಹುದು. ಹೊಲದಲ್ಲಾದರೆ ಪತಂಗಗಳೂ ಜೇನೂ ಬಂದು ಪರಾಗ ಮುಟ್ಟಿಸುತ್ತವೆ. ಎಂಟನೇ ಮಹಡಿಗೆ ಅವು ಬರುವುದು ಅಪರೂಪ. ಆ ಕೆಲಸ ನಾವು ಮಾಡಬೇಕು. ಆಗ ತಾನೆ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಒತ್ತಿ ಸವರಬೇಕು. ಎರಡು ಮೂರು ದಿನಕ್ಕೆ ಹೀಚು ಹಸಿರಾಗಿ ಉಬ್ಬಿದರೆ ಕೂಡಿಕೊಂಡಿತು ಎಂದರ್ಥ. ಹಳದಿಯಾಗಿ ಬಾಗಿದರೆ ಮುಂದಿನ ಹೂವಿಗೆ ಕಾಯುವುದು. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿ ನೋಡಿ. ಪುಸ್ತಕದಲ್ಲಿ ಓದಿದ ಪರಾಗಸ್ಪರ್ಶ ಅವರ ಬೆರಳ ತುದಿಗೆ ಬರುತ್ತದೆ.

ಕಾಯಿ ಕೂಡಿದ ಮೇಲೆ ಹಣ್ಣುನೊಣದ ಕಾಟ. ಅದು ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಕಾಯಿ ಸೊಟ್ಟಾಗಿ ಒಳಗೆ ಹುಳ ಬೀಳುತ್ತದೆ. ಔಷಧಿಗಿಂತ, ಎಳೆಯ ಕಾಯಿಗೆ ಕಾಗದದ ಚೀಲ ತೊಡಿಸುವುದು ಮನೆಗೆ ಸಾಕು. ಎಲೆಗಳ ಮೇಲೆ ಬಿಳಿ ಬೂದಿ ಚೆಲ್ಲಿದಂತಾದರೆ ಬೂದಿ ರೋಗ. ಅಂಥ ಎಲೆ ತೆಗೆದುಹಾಕಿ ಗಾಳಿ ಆಡುವಂತೆ ಮಾಡಬೇಕು. ಕಾಯಿಯನ್ನು ಉಗುರು ಇಳಿಯುವಷ್ಟು ಎಳೆಯದಿರುವಾಗಲೇ ಕೊಯ್ಯಬೇಕು. ಬಲಿತ ಕಾಯಿಯನ್ನು ಬಳ್ಳಿಯಲ್ಲೇ ಬಿಟ್ಟರೆ ಹೊಸ ಹೂವು ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆಯನ್ನು ಎಲ್ಲರೂ ನೆನಪಿಡಬೇಕು. ಹೀರೆ, ಸೋರೆ ಜಾತಿಯ ಕಾಯಿ ಒಮ್ಮೊಮ್ಮೆ ವಿಪರೀತ ಕಹಿಯಾಗುತ್ತದೆ. ಅದು ಕುಕರ್ಬಿಟಾಸಿನ್ ಎಂಬ ವಿಷದ ಕಹಿ, ಬೇಯಿಸಿದರೂ ಹೋಗುವುದಿಲ್ಲ. ತುದಿಯ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗುಳಿ ಇಡೀ ಕಾಯನ್ನು ಬಿಸಾಡಬೇಕು. ಸಿಹಿಯಾಗಿದ್ದರೆ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ತಳಿ ಬೇಕೆಂದರೆ ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಜಾತ್, ಅರ್ಕಾ ಸುಮೀತ್ ಇವೆ. ಹೈಬ್ರಿಡ್ ಅಲ್ಲದ ತಳಿಯಾದರೆ ಒಂದು ಕಾಯನ್ನು ಬಳ್ಳಿಯಲ್ಲೇ ಒಣಗಲು ಬಿಟ್ಟು ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳಬಹುದು.

ಇಷ್ಟೆಲ್ಲ ಕೊಡುವ ಬಳ್ಳಿ ಕೇಳುವ ಬೆಲೆ ನೀರು. ಏಪ್ರಿಲ್ ಬಿಸಿಲಿನಲ್ಲಿ ಮೈತುಂಬ ಎಲೆ ಬಿಟ್ಟ ಬಳ್ಳಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಹಾಕಬೇಕು. ದಿನಕ್ಕೆ ನಾಲ್ಕೈದು ಲೀಟರ್ ಆದರೂ ಆಶ್ಚರ್ಯವಿಲ್ಲ. ಒಂದು ಹೊತ್ತು ತಪ್ಪಿದರೆ ಎಲೆಗಳು ಜೋತು ಬೀಳುತ್ತವೆ, ಎರಡು ದಿನ ತಪ್ಪಿದರೆ ಹೀಚು ಉದುರುತ್ತದೆ.

ಅದಕ್ಕೇಕೆ ಅಷ್ಟು ನೀರು? ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಗಿಲುಗಳಿರುತ್ತವೆ, ಪತ್ರರಂಧ್ರಗಳು. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಅವು ತೆರೆಯಬೇಕು. ತೆರೆದ ಕೂಡಲೇ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಹೀರೆ ಹಗಲು ಬಿಸಿಲಿನಲ್ಲೇ ಬಾಗಿಲು ತೆರೆದು ಕೆಲಸ ಮಾಡುವ ಗಿಡ. ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಆಹಾರವಾಗಿ ಕೂಡಿಸಿಕೊಳ್ಳುವಷ್ಟರಲ್ಲಿ ಇಂಥ ಗಿಡಗಳು ಸುಮಾರು 400 ನೀರಿನ ಅಣುಗಳನ್ನು ಗಾಳಿಗೆ ಬಿಡುತ್ತವೆ ಎಂದು ಸಸ್ಯಶಾಸ್ತ್ರದ ಪಠ್ಯಗಳು ಲೆಕ್ಕ ಕೊಡುತ್ತವೆ. ಸಕ್ಯುಲೆಂಟ್ ಬಿಡುವುದು ಸುಮಾರು 50. ಈ ಅಂತರ ಎಲ್ಲಿಂದ ಬಂತು ಎಂಬುದರ ಕಥೆಗೆ ನಮ್ಮ ಬೆಂಗಳೂರಿನ ನಂಟಿದೆ.

ಟಿಪ್ಪು ಸುಲ್ತಾನನ ಪತನದ ನಂತರ ಲಾಲ್‌ಬಾಗಿನ ಮೇಲ್ವಿಚಾರಣೆ ಕೆಲಕಾಲ ಬೆಂಜಮಿನ್ ಹೈನೆ ಎಂಬ ಜರ್ಮನ್ ವೈದ್ಯನ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದ ಸಸ್ಯಶಾಸ್ತ್ರಜ್ಞ ಆತ. ನಾವು ಕಾಡುಬಸಳೆ ಎನ್ನುವ, ಎಲೆಯ ಅಂಚಿನಲ್ಲೇ ಮರಿ ಹುಟ್ಟಿಸುವ ದಪ್ಪ ಎಲೆಯ ಗಿಡವನ್ನು ಅವನು ಹೊತ್ತು ಹೊತ್ತಿಗೆ ಬಾಯಿಗೆ ಹಾಕಿ ನೋಡಿದ. ಬೆಳಿಗ್ಗೆ ಹುಣಸೆಯಂಥ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ನಸುಕಹಿ. 1810ರ ದಶಕದಲ್ಲಿ ಅವನು ಇದನ್ನು ಬರೆದು ಕಳಿಸಿದ್ದು ಲಂಡನ್ನಿನ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಹುಳಿಯ ಅರ್ಥ ಪೂರ್ತಿ ಬಿಡಿಸಲು ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಕಾಡುಬಸಳೆಯೂ ಅದರ ಬಳಗದ ಗಿಡಗಳೂ ಹಗಲು ಬಾಗಿಲು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಅದನ್ನು ಮ್ಯಾಲಿಕ್ ಆಮ್ಲವಾಗಿ, ಅಂದರೆ ಸೇಬಿನಲ್ಲಿರುವ ಹುಳಿಯಾಗಿ, ಎಲೆಯಲ್ಲೇ ಕೂಡಿಡುತ್ತವೆ. ಬೆಳಗಾದ ಮೇಲೆ ಬಾಗಿಲು ಮುಚ್ಚಿ, ಬಿಸಿಲಿನ ಶಕ್ತಿಯಿಂದ ಆ ಹುಳಿಯನ್ನು ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತವೆ. ಹೈನೆಗೆ ಬೆಳಿಗ್ಗೆ ಸಿಕ್ಕಿದ್ದು ರಾತ್ರಿ ಕೂಡಿಟ್ಟ ಆ ಹುಳಿಯೇ.

ನರ್ಸರಿಯಲ್ಲಿ ಸಿಗುವ ಎಚಿವೇರಿಯಾ, ಹವರ್ಥಿಯಾ, ಜೇಡ್ ಗಿಡಗಳೂ ಇದೇ ದಾರಿ ಹಿಡಿದವು. ಎಚಿವೇರಿಯಾದ ಊರು ಮೆಕ್ಸಿಕೊ, ಹವರ್ಥಿಯಾದ ಊರು ದಕ್ಷಿಣ ಆಫ್ರಿಕ. ರಾತ್ರಿ ಕೂಡಿಟ್ಟ ಹುಳಿ ಎಷ್ಟಿದೆಯೋ ಅಷ್ಟೇ ಮರುದಿನದ ದುಡಿಮೆ; ಆದ್ದರಿಂದ ಅವು ನಿಧಾನವಾಗಿ ಬೆಳೆಯುತ್ತವೆ. ಹೀರೆ ಒಂದೇ ದಿನದಲ್ಲಿ ಗೇಣು ಬೆಳೆದದ್ದನ್ನು ಕಂಡವರಿಗೆ, ತಿಂಗಳಿಗೆ ಒಂದೆರಡು ಎಲೆ ಬಿಡುವ ಈ ಗಿಡ ಬದುಕಿದೆಯೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಬದುಕಿದೆ. ಅದರ ನಡಿಗೆಯೇ ಅಷ್ಟು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಈ ಗಿಡಗಳನ್ನು ಮಲಗುವ ಕೋಣೆಯಲ್ಲಿಟ್ಟರೆ ರಾತ್ರಿಯೆಲ್ಲ ಆಮ್ಲಜನಕ ಕೊಡುತ್ತವೆ ಎಂದು ಹೇಳಿ ಮಾರುತ್ತಾರೆ. ಅದು ನಿಜವಲ್ಲ. ಗಿಡದಿಂದ ಆಮ್ಲಜನಕ ಹುಟ್ಟುವುದು ಬೆಳಕಿನಲ್ಲಿ ನೀರಿನ ಅಣು ಒಡೆದಾಗ. ಕತ್ತಲೆಯಲ್ಲಿ ಆ ಕೆಲಸ ನಡೆಯುವುದಿಲ್ಲ. ರಾತ್ರಿ ಇವು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುತ್ತವೆ, ಅಷ್ಟೆ. ಗಿಡವನ್ನು ಅದರ ಚೆಲುವಿಗಾಗಿ, ಅದು ಕಲಿಸುವ ತಾಳ್ಮೆಗಾಗಿ ಇಟ್ಟುಕೊಳ್ಳಿ. ಅಷ್ಟೇ ಸಾಕಷ್ಟು ದೊಡ್ಡ ಕಾರಣ.

ಸಕ್ಯುಲೆಂಟ್ ಬೆಳೆಸುವುದು ಸುಲಭ ಎಂಬ ಮಾತು ಅರ್ಧ ಸತ್ಯ. ಬೇಸಿಗೆಯಲ್ಲಿ ಅದು ಸುಲಭ, ಮಳೆಗಾಲದಲ್ಲಿ ಕಷ್ಟ. ವಿಜಯಪುರದ ಕಡೆಯಿಂದ ಬಂದು ಪಿಂಪ್ರಿ-ಚಿಂಚವಾಡದ ಥೇರಗಾವದಲ್ಲಿ ಮನೆ ಮಾಡಿದ ಹೆಣ್ಣುಮಗಳೊಬ್ಬಳು ಒಂದು ಆಷಾಢದಲ್ಲಿ ಕುಂಡ ಹಿಡಿದುಕೊಂಡು ಬಂದು ಕೇಳಿದಳು, “ಅಕ್ಕಾರ, ದಿನಾ ತಪ್ಪಲಾರದ ನೀರು ಹಾಕೀನಿ, ಗೊಬ್ಬರಾನೂ ಹಾಕೀನಿ. ಆದ್ರೂ ಯಾಕ ಕೊಳೀತರಿ ಇದು?” ಎಲೆಗಳು ಗಾಜಿನ ಹಾಗೆ ಪಾರದರ್ಶಕವಾಗಿದ್ದವು, ಮುಟ್ಟಿದರೆ ಕಳಚಿ ಬೀಳುತ್ತಿದ್ದವು, ಬುಡ ಕಪ್ಪಾಗಿತ್ತು. “ತಂಗಿ, ದಿನಾ ಹಾಕಿದಿ, ಅದಕ್ಕs ಕೊಳೀತು” ಎಂದೆ. ತುದಿಯಲ್ಲಿ ಇನ್ನೂ ಹಸಿರಾಗಿ ಗಟ್ಟಿಯಿದ್ದ ಭಾಗವನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ, ಗಾಯ ಒಣಗಲೆಂದು ನಾಲ್ಕೈದು ದಿನ ನೆರಳಿನಲ್ಲಿಟ್ಟು, ಒಣ ಮಿಶ್ರಣದಲ್ಲಿ ನೆಡಿಸಿದೆ. ಬೇರು ಬಂತು. ಅವಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಹೀರೆಗೆ ತೋರಿಸಬೇಕಾದ ಪ್ರೀತಿಯನ್ನು ಸಕ್ಯುಲೆಂಟಿಗೆ ತೋರಿಸಿದ್ದಳು.

ಅದಕ್ಕೆ ಬೇಕಾದ ಆರೈಕೆ ಇಷ್ಟು. ತಳದಲ್ಲಿ ತೂತಿರುವ ನಾಲ್ಕು ಅಂಗುಲದ ಮಣ್ಣಿನ ಕುಂಡ. ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಇಟ್ಟಿಗೆ ಚೂರು, ಸಣ್ಣ ಜಲ್ಲಿ. ಉಳಿದದ್ದು ಮಣ್ಣು, ಸ್ವಲ್ಪ ಎರೆಗೊಬ್ಬರ. ಮೇಲಿನಿಂದ ಸುರಿದ ನೀರು ನೋಡುತ್ತಿದ್ದಂತೆಯೇ ಕೆಳಗೆ ಇಳಿಯಬೇಕು. ಬೆರಳು ಇಳಿಸಿ ನೋಡಿ, ಒಳಗೆ ಪೂರ್ತಿ ಒಣಗಿದ್ದರೆ ಮಾತ್ರ ನೀರು. ಬೇಸಿಗೆಯಲ್ಲಿ ವಾರ ಹತ್ತು ದಿನಕ್ಕೊಮ್ಮೆ ಅರ್ಧ ಲೋಟ. ಜಡಿಮಳೆಯ ದಿನಗಳಲ್ಲಿ ಎರಡು ಮೂರು ವಾರ ಏನೂ ಬೇಡ, ಗಾಳಿಯ ತೇವವೇ ಹೆಚ್ಚು. ಜೂನ್ ಮೊದಲ ವಾರದೊಳಗೆ ಕುಂಡವನ್ನು ಇರಚಲು ತಾಗದ ಕಡೆ, ಪೂರ್ವದ ಕಿಟಕಿಗೆ ಸರಿಸಬೇಕು. ಬೆಳಕು ಕಡಿಮೆಯಾದರೆ ಎಚಿವೇರಿಯಾ ಕತ್ತು ಚಾಚಿ ಉದ್ದವಾಗುತ್ತದೆ. ಹವರ್ಥಿಯಾ ಕಡಿಮೆ ಬೆಳಕಿಗೂ ಹೊಂದಿಕೊಳ್ಳುತ್ತದೆ. ಮೇ ತಿಂಗಳ ಪಶ್ಚಿಮದ ಬಿಸಿಲಿಗೆ ಎರಡನ್ನೂ ಒಡ್ಡಬಾರದು, ಎಲೆ ಸುಟ್ಟು ಕಂದು ಕಲೆ ಬೀಳುತ್ತದೆ. ಹಸಿರು ನೆಟ್ಟಿನ ನೆರಳು ಬೇಕು. ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳುಪು ಕಂಡರೆ ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬೇಕು. ಮತ್ತೆ, ಯಾವ ಗಿಡವೇ ಇರಲಿ, ಕುಂಡದ ತಟ್ಟೆಯಲ್ಲಿ ನೀರು ನಿಲ್ಲಬಾರದು. ಅದು ಬೇರನ್ನು ಕೊಳೆಸುತ್ತದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದೂ ಅಂಥ ತಿಳಿನೀರಿನಲ್ಲೇ.

ಪಿಂಪ್ರಿ-ಚಿಂಚವಾಡದ ಬದುಕಿನ ಲೆಕ್ಕದಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಅಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಹೀರೆಯ ಆಯುಷ್ಯ ಬಿತ್ತನೆಯಿಂದ ಕೊನೆಯ ಕೊಯ್ಲಿನವರೆಗೆ ನಾಲ್ಕು, ನಾಲ್ಕೂವರೆ ತಿಂಗಳು. ಮನೆ ಬದಲಾಯಿಸುವ ಮೊದಲೇ ಅದರ ಲೆಕ್ಕ ಚುಕ್ತಾ ಆಗುತ್ತದೆ. ಉಳಿದ ಬೀಜ ಕಾಗದದ ಪೊಟ್ಟಣದಲ್ಲಿ ಹೊಸ ಮನೆಗೆ ಹೋಗುತ್ತದೆ. ಸಕ್ಯುಲೆಂಟಾದರೋ ವರ್ಷಾನುಗಟ್ಟಲೆ ಬಾಳುತ್ತದೆ. ಸಾಮಾನು ಸಾಗಿಸುವ ದಿನ ಚಪ್ಪಲಿ ಡಬ್ಬಿಯಲ್ಲಿ ಕುಳಿತು ನಿಮ್ಮ ಜೊತೆಗೇ ಬರುತ್ತದೆ. ಶಾಲೆಗೆ ರಜೆ ಬಿಟ್ಟ ಮೇಲೆ ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಊರಿಗೆ ಹೊರಡುತ್ತಾರೆ. ಹೀರೆಗೆ ಎರಡು ಹೊತ್ತು ನೀರು ಬೇಕಾದ ದಿನಗಳು ಅವೇ. ನೆರೆಯವರಿಗೆ ಒಪ್ಪಿಸಿ ಹೋಗಬೇಕೆಂದರೆ ಅವರ ನಲ್ಲಿಗೂ ದಿನ ಬಿಟ್ಟು ದಿನವೇ ನೀರು. ಸಕ್ಯುಲೆಂಟ್ ಎರಡು ವಾರ ಒಂಟಿಯಾಗಿ ಇದ್ದು, ನೀವು ಬಂದಾಗ ಸ್ವಲ್ಪ ಸೊರಗಿದ್ದರೂ ಬದುಕಿರುತ್ತದೆ. ಆದರೆ ಊರಿಂದ ಬಂದ ಅತ್ತೆಗೆ ನಿಮ್ಮ ಕೈಯಾರೆ ಬೆಳೆದ ಹೀರೆಕಾಯಿ ಪಲ್ಯ ಬಡಿಸುವ ಸಂತೋಷವನ್ನು ಅದು ಕೊಡಲಾರದು.

ಹಾಗಾದರೆ ಯಾವುದನ್ನು ಆರಿಸಬೇಕು? ಪುಣೆ ಜಿಲ್ಲೆಯ ಬಂಡೆಯ ಮೇಲೆಯೇ ಇದಕ್ಕೆ ಉತ್ತರ ಕೊಡುವ ಗಿಡವೊಂದಿದೆ. ಜುನ್ನರ ತಾಲೂಕಿನಲ್ಲಿ ಶಿವಾಜಿ ಮಹಾರಾಜರು ಹುಟ್ಟಿದ ಶಿವನೇರಿ ಕೋಟೆ ನಿಮಗೆ ಗೊತ್ತಿರಬಹುದು. ಆ ಕೋಟೆಯ ಕಡಿದಾದ ಬಂಡೆಯ ಸಂದುಗಳಲ್ಲಿ, ಮಹಾರಾಷ್ಟ್ರದ ಸಹ್ಯಾದ್ರಿಯ ಇನ್ನು ಕೆಲವೇ ಜಾಗಗಳಲ್ಲಿ, ಒಂದು ಪುಟ್ಟ ಸಕ್ಯುಲೆಂಟ್ ಬೆಳೆಯುತ್ತದೆ. ಜಗತ್ತಿನ ಬೇರೆಲ್ಲೂ ಅದು ತಾನಾಗಿ ಬೆಳೆಯುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಫ್ರೇರಿಯಾ ಇಂಡಿಕಾ ಎಂಬ ಹೆಸರು. 1860ರ ದಶಕದಲ್ಲಿ ಡಾಲ್ಜೆಲ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ವರ್ಣಿಸಿ, ಆಗಿನ ಮುಂಬಯಿ ಗವರ್ನರ್ ಬಾರ್ಟಲ್ ಫ್ರೇರ್‌ನ ಹೆಸರಿಟ್ಟ. ಮರಾಠಿ ಜನ ಅದನ್ನು ಶಿವಸುಮನ ಎಂದು ಕರೆಯುತ್ತಾರೆ. ದಪ್ಪನೆಯ ಬೂದುಹಸಿರು ಕಾಂಡ ಬಂಡೆಗೆ ಒರಗಿ ಜೋತಾಡುತ್ತದೆ. ಐದು ಮೂಲೆಯ ನಕ್ಷತ್ರದಂಥ ಕಡುಗೆಂಪು ಹೂವು, ನಡುವೆ ಹಳದಿ ಗುರುತು.

ಮಳೆ ಬಿದ್ದ ಕೂಡಲೇ ಈ ಗಿಡ ಮೆತ್ತನೆಯ ಹಸಿರು ಎಲೆ ಬಿಡುತ್ತದೆ. ಮಳೆ ಹೋಗಿ ಒಣಹವೆ ಬಂದಾಗ ಎಲೆಗಳನ್ನೆಲ್ಲ ಉದುರಿಸಿ, ಬರಿ ಕಾಂಡವಾಗಿ ಬೇಸಿಗೆ ಕಳೆಯುತ್ತದೆ. 1977ರಲ್ಲಿ ಇಬ್ಬರು ಜರ್ಮನ್ ವಿಜ್ಞಾನಿಗಳು ಅದರ ಉಸಿರಾಟವನ್ನು ಅಳೆದು ಸೋಜಿಗದ ಸಂಗತಿಯೊಂದನ್ನು ಪ್ರಕಟಿಸಿದರು. ಅದರ ಎಲೆ ದುಡಿಯುವುದು ನಮ್ಮ ಹೀರೆಯ ಎಲೆಯ ಹಾಗೆ, ಹಗಲಿನಲ್ಲಿ ಬಾಗಿಲು ತೆರೆದು. ಅದರ ಕಾಂಡ ದುಡಿಯುವುದು ಕಾಡುಬಸಳೆಯ ಹಾಗೆ, ರಾತ್ರಿಯಲ್ಲಿ ಹುಳಿ ಕೂಡಿಟ್ಟು. ನೀರು ಯಥೇಚ್ಛವಾಗಿರುವ ನಾಲ್ಕು ತಿಂಗಳು ಧಾರಾಳವಾಗಿ ಖರ್ಚು ಮಾಡಿ ಬೆಳೆ. ಉಳಿದ ಎಂಟು ತಿಂಗಳು ಹಿಡಿತದಲ್ಲಿ ಬಾಳು. ಈ ನೆಲದ ಮಳೆ ಬಿಸಿಲುಗಳ ಜೊತೆ ಸಾವಿರಾರು ವರ್ಷ ಬಾಳಿ ಆ ಗಿಡ ಕಂಡುಕೊಂಡ ಕ್ರಮ ಇದು. ಬಾಲ್ಕನಿಯಲ್ಲಿ ಎರಡು ಗಿಡ ಇಟ್ಟು ನಾವು ಮಾಡಬೇಕಾದದ್ದೂ ಇದನ್ನೇ.

ಒಂದು ವಿನಂತಿ. ಶಿವನೇರಿಗೆ ಹೋದಾಗ ಆ ಗಿಡವನ್ನು ಹುಡುಕಿ ಕೀಳಬೇಡಿ. ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ಅಪಾಯದಲ್ಲಿರುವ ಹನ್ನೆರಡು ಸಸ್ಯಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಸಕ್ಯುಲೆಂಟ್‌ಗಳ ಶೋಕಿ ಹೆಚ್ಚಿದ್ದರಿಂದ ದಕ್ಷಿಣ ಆಫ್ರಿಕದಲ್ಲಿ ಕಾನೊಫೈಟಮ್ ಎಂಬ ಗುಂಡುಕಲ್ಲಿನಂಥ ಪುಟ್ಟ ಗಿಡಗಳನ್ನು ಕಳ್ಳರು ಬೆಟ್ಟದಿಂದಲೇ ಕಿತ್ತು ಸಾಗಿಸುತ್ತಿದ್ದಾರೆ. ಎಷ್ಟೋ ಬೆಟ್ಟಗಳ ಮೈ ಬೋಳಾಗಿದೆ. ನರ್ಸರಿಯ ಅನೇಕ ಸಕ್ಯುಲೆಂಟ್‌ಗಳಾದರೆ ಒಂದು ಎಲೆ, ಒಂದು ತುಂಡು ಕಾಂಡದಿಂದ ಸಲೀಸಾಗಿ ಬೆಳೆಯುತ್ತವೆ. ಎಚಿವೇರಿಯಾದ ಒಂದು ಎಲೆಯನ್ನು ಬುಡಸಮೇತ ಬಿಡಿಸಿ ಒಣ ಮರಳಿನ ಮೇಲೆ ಇಟ್ಟರೆ ಕೆಲವೇ ವಾರಗಳಲ್ಲಿ ನಸುಗೆಂಪು ಬೇರೂ ಕಾಳಿನಷ್ಟು ಮರಿಯೂ ಹೊರಡುತ್ತವೆ. ಸ್ನೇಹಿತರಿಂದ ಎಲೆ ಕೇಳಿ ತನ್ನಿ, ನರ್ಸರಿಯಿಂದ ಕೊಳ್ಳಿ. ಬೆಟ್ಟದ್ದು ಬೆಟ್ಟದಲ್ಲೇ ಇರಲಿ.

ಇನ್ನು ವರ್ಷದ ಲೆಕ್ಕವನ್ನು ಹೇಳಿ ಮುಗಿಸುತ್ತೇನೆ. ಬಿಸಿಲು ಚೆನ್ನಾಗಿ ಬೀಳುವ ಬಾಲ್ಕನಿಯಿದ್ದವರು ಮೇ ಕೊನೆಯಲ್ಲಿ ಊರಿಂದ ಮರಳಿ ಬಂದ ಮೇಲೆ ಚೀಲದಲ್ಲಿ ಮಣ್ಣು ಗೊಬ್ಬರ ತುಂಬಿಡಿ. ಮೊದಲ ಎರಡು ಹದ ಮಳೆ ಬಿದ್ದ ಮೇಲೆ, ಜೂನ್ ನಡುವಿನಲ್ಲಿ ಹೀರೆ ಬೀಜ ಊರಿ. ಬಳ್ಳಿ ಎಳೆಯದಾಗಿರುವಾಗ ಆಕಾಶವೇ ನೀರು ನೋಡಿಕೊಳ್ಳುತ್ತದೆ. ಆಗಸ್ಟ್‌ನಿಂದ ಕಾಯಿ ಹಿಡಿಯುತ್ತದೆ. ಗಣೇಶ ಚತುರ್ಥಿಯಿಂದ ದಸರೆಯವರೆಗೆ ಮನೆಗೆ ಪಲ್ಯವಾಗುತ್ತದೆ. ಆ ತಿಂಗಳುಗಳಲ್ಲಿ ಸಕ್ಯುಲೆಂಟ್ ಒಳಗಿನ ಕಿಟಕಿಯಲ್ಲಿ ಒಣಗಿಯೇ ಇರಲಿ. ದೀಪಾವಳಿಗೆ ಬಳ್ಳಿ ಕಿತ್ತು, ಅದೇ ಮಣ್ಣಿಗೆ ಸ್ವಲ್ಪ ಗೊಬ್ಬರ ಸೇರಿಸಿ ಮೆಂತ್ಯ, ಕೊತ್ತಂಬರಿ ಬಿತ್ತಿ. ಸಕ್ಯುಲೆಂಟನ್ನು ಹೊರಗೆ, ಎಳೆ ಬಿಸಿಲಿಗೆ ತನ್ನಿ. ಚಳಿಗಾಲದ ಬೆಳಕಿನಲ್ಲಿ ಎಚಿವೇರಿಯಾದ ಎಲೆಯಂಚು ಕೆಂಪಾಗಿ ನೋಡಲು ಚೆನ್ನಾಗಿರುತ್ತದೆ. ಮಾರ್ಚಿನಿಂದ ಮೇವರೆಗೆ ಹೊಸ ಬಳ್ಳಿ ಹಬ್ಬಿಸಬೇಡಿ. ಊರಿನ ಬಾವಿಯ ಪಕ್ಕದಲ್ಲಿ ಬೇಸಿಗೆ ಹೀರೆ ಬೆಳೆಯಬಹುದು. ಪವನಾ ನೀರನ್ನು ದಿನ ಬಿಟ್ಟು ದಿನ ಹಿಡಿದಿಡುವ ಮನೆಯಲ್ಲಿ ಅದು ಸಲ್ಲದು. ಬೆಳೆಯಲೇಬೇಕೆಂದರೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಕೂಡಿಟ್ಟು ಹಾಕುವ ಶಿಸ್ತು ಇರಲಿ. ಬಿಸಿಲೇ ಬೀಳದ ಮನೆಯವರು ಹೀರೆಯ ಆಸೆ ಬಿಟ್ಟು, ಬೆಳಕಿರುವ ಕಿಟಕಿಗೆ ಒಂದು ಹವರ್ಥಿಯಾ ತನ್ನಿ. ಮೂರು ಪಾಳಿಯಲ್ಲಿ ದುಡಿದು ಹೊತ್ತಲ್ಲದ ಹೊತ್ತಿಗೆ ಮನೆ ಸೇರುವ ಹುಡುಗರಿಗೂ ನಾನು ಹೇಳುವುದು ಇದನ್ನೇ.

ನಾವು ಬೇರೆ ಊರಿಗೆ ಹೋಗಿ ನೆಲೆಸುವಾಗ ಅಲ್ಲಿನ ಭಾಷೆ ಕಲಿಯುತ್ತೇವೆ, ಬಸ್ಸಿನ ದಾರಿ ಕಲಿಯುತ್ತೇವೆ, ನೀರು ಬರುವ ದಿನ ಕಲಿಯುತ್ತೇವೆ. ಅಲ್ಲಿನ ಮಳೆ ಬಿಸಿಲನ್ನೂ ಕಲಿಯಬೇಕು. ಒಂದು ಬಳ್ಳಿ, ಒಂದು ಪುಟ್ಟ ಕುಂಡ ಇಟ್ಟುಕೊಂಡವರಿಗೆ ಆ ಪಾಠ ಒಂದೇ ವರ್ಷದಲ್ಲಿ ಆಗುತ್ತದೆ. ಈ ಜೂನಿನಲ್ಲಿ ಶುರುಮಾಡಿ. ಪಿಂಪ್ರಿಯಲ್ಲೋ ನಿಗಡಿಯಲ್ಲೋ ಭೋಸರಿಯಲ್ಲೋ ನಿಮ್ಮ ಮಕ್ಕಳಿದ್ದರೆ, ಮುಂದಿನ ಸಲ ಅವರಲ್ಲಿಗೆ ಹೋಗುವಾಗ ನಿಮ್ಮ ಹಿತ್ತಲಿನ ಹೀರೆ ಬೀಜ ನಾಲ್ಕು ಕಟ್ಟಿಕೊಂಡು ಹೋಗಿ, ಯಾವಾಗ ಊರಬೇಕೆಂದು ಹೇಳಿ ಕೊಟ್ಟು ಬನ್ನಿ.